ಒಂಬತ್ತು ದಿನದ ನೀರು

ಕೆಂಗೇರಿ ಉಪನಗರ
೧೨ ಫೆಬ್ರವರಿ ೨೦೨೪

ಶ್ರೀಮತಿ ಮುನಿಲಕ್ಷ್ಮಮ್ಮನವರಿಗೆ,

ನಮಸ್ಕಾರ. ನಾನು ಯಾರೆಂದು ನಿಮಗೆ ತಿಳಿಯದು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದರೂ ನನ್ನ ವಿದ್ಯಾರ್ಥಿಗಳಿಗೇ ತಿಳಿಯಲಿಲ್ಲ, ಹಾಗಾಗಿ ಬೇಸರವಿಲ್ಲ. ಹೆಸರು ಗೋಪೀನಾಥ, ಕನ್ನಡ ಮೇಷ್ಟ್ರು, ಈಗ ನಿವೃತ್ತ. ನಿಮ್ಮ ಹೊಂಗೆಪಾಳ್ಯದ ಕೆರೆಗೆ ಕೂಗಳತೆಯಲ್ಲಿ ನನ್ನ ಮನೆ. ನಿವೃತ್ತನಾದ ಮಾರನೆಯ ದಿನವೇ ಹೆಂಡತಿ ಅಂದಳು: 'ಮನೇಲಿ ಕೂತು ನನ್ನ ಕೊರೀಬೇಡಿ, ಹೋಗಿ ಕೆರೆ ಸುತ್ಕೊಂಡ್ ಬನ್ನಿ.' ಕೊರೆಯುವವನು ಕೆರೆಯವನಾದದ್ದು ಹೀಗೆ.

ನಾವು ನಲವತ್ತು ಜನ ಸೇರಿ 'ಹೊಂಗೆಪಾಳ್ಯ ಕೆರೆ ಗೆಳೆಯರು' ಎಂಬ ಸಂಘ ಕಟ್ಟಿದ್ದೇವೆ. ಏರಿಯ ಮೇಲೆ ನಡೆಯಲು ಹಾದಿಯಾಗಿದೆ, ಸುತ್ತ ಬೇಲಿ ಬಂದಿದೆ, ಗೇಟಿಗೊಬ್ಬ ಕಾವಲುಗಾರನಿದ್ದಾನೆ. ಭಾನುವಾರ ಪ್ಲಾಸ್ಟಿಕ್ ಹೆಕ್ಕುತ್ತೇವೆ, ಆಮೇಲೆ ಸಮಿತಿಯ ಸಭೆ. ಹೆಸರಿನಲ್ಲಿ ಮಿತಿ ಇದ್ದರೂ ಮಾತಿಗೆ ಇಲ್ಲ. ಅಧ್ಯಕ್ಷರು ಮುರಳೀಕೃಷ್ಣ ಎಂಬ ನಿವೃತ್ತ ಇಂಜಿನಿಯರು. ನಾನು ಕಾರ್ಯದರ್ಶಿ: ಕಾರ್ಯ ಕಡಿಮೆ, ದರ್ಶನ ಜಾಸ್ತಿ.

ಈ ಮಳೆಗಾಲಕ್ಕೆ ಒಂದು ಸ್ಮರಣ ಸಂಚಿಕೆ ತರುವ ಆಸೆ. ಕೆರೆಯ ಹಳೆಯ ಸಂಗತಿ ಯಾರಿಗೆ ಗೊತ್ತು ಎಂದು ವಿಚಾರಿಸುತ್ತಿದ್ದಾಗ ಬಸ್ ನಿಲ್ದಾಣದ ಹೂವಿನ ಇಂದ್ರಮ್ಮ ಹೇಳಿದರು: 'ಆ ಕೆರೆ ನೀರುಗಂಟಿ ಇನ್ನೂ ಅವಳೆ ಸಾರ್. ಗಂಡ ಹೋದ್ಮೇಲೆ ಇಪ್ಪತ್ತು ವರ್ಷ ಅವಳೇ ನೀರು ಬಿಟ್ಟಿದ್ದು. ಈಗ ಮಾಗಡಿ ಕಡೆ ತಂಗಿ ಮನೇಲವಳೆ. ಫೋನ್ ಮಾಡ್ಬೇಡಿ, ಕಿವಿ ಕೇಳ್ಸಲ್ಲ. ಕಾಗದ ಬರೀರಿ, ಓದ್ತಾಳೆ.' ಅಂತೂ ಈ ಕಾಲದಲ್ಲೂ ಅಂಚೆಯವನಿಗೆ ಒಂದು ಕೆಲಸ ಸಿಕ್ಕಿತು.

ನೀರುಗಂಟಿಯವರ ಕೆಲಸ ಏನಿತ್ತು, ಹೇಗಿತ್ತು, ಒಂದು ಪುಟ ಬರೆದು ಕಳಿಸಿ. ತಪ್ಪು ತಿದ್ದುವುದು ನನ್ನ ಹಳೆಯ ಚಟ, ಅದಕ್ಕೆ ಅಂಜಬೇಡಿ.

ನಿಮ್ಮ,
ಗೋಪೀನಾಥ

•

ಸಿಡ್ಲೇಹಳ್ಳಿ, ಮಾಗಡಿ ತಾಲ್ಲೂಕು
೩ ಮಾರ್ಚ್ ೨೦೨೪

ಗೋಪೀನಾಥ ಮೇಷ್ಟ್ರಿಗೆ ಮುನಿಲಕ್ಷ್ಮಮ್ಮನ ನಮಸ್ಕಾರ.

ನಿಮ್ಮ ಕಾಗದ ಎರಡು ಸಲ ಓದಿದೆ. ಮೊದಲನೇ ಸಲ ನಗು ಬಂತು. ಎರಡನೇ ಸಲ ಅದರಲ್ಲಿ ತೂಬಿನ ಮಾತು ಹುಡುಕಿದೆ. ಹಾದಿ, ಬೇಲಿ, ಗೇಟು ಎಲ್ಲಾ ಇತ್ತು, ತೂಬು ಇರಲಿಲ್ಲ.

ನಮ್ಮದು ಊರ ಹೊರಗಿನ ಕೇರಿ. ಊರ ಬಾವಿ ಮುಟ್ಟಬೇಡಿ ಅಂದೋರೇ ಕೆರೆ ತೂಬು ನಮ್ಮ ಕೈಗೆ ಕೊಟ್ಟಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ನಾವು ಹೇಳಿದ ಮಾತು. ಗೌಡರಾದರೂ ಸರದಿ ಬರೋವರೆಗೆ ಬದುವಿನ ಮೇಲೆ ಕೂರಬೇಕಿತ್ತು.

ಏರಿ ಪಕ್ಕ ನೀರಿನಲ್ಲಿ ಎರಡು ಕಲ್ಲುಕಂಬ ನಿಂತಿವೆಯಲ್ಲ, ಅವುಗಳ ನಡುವೆ ಒಂದು ಮರದ ಕೋಲು ಇಳಿದಿದೆ. ಕೋಲಿನ ಬುಡದಲ್ಲಿ ಗೂಟ, ಗೂಟದ ಕೆಳಗೆ ತೂತು. ಅದೇ ತೂಬು. ಕೋಲು ಎತ್ತಿದರೆ ಕೆರೆಯ ತಳದ ನೀರು ಏರಿಯ ಅಡಿಯಿಂದ ಆಚೆ ಹೋಗುತ್ತೆ. ಕೋಡಿ ಮೇಲೆ ಹೋಗೋದು ಬರೀ ಮೇಲಿನ ನೀರು. ತಳದ ಕೊಳೆ ಕೋಡಿ ಹತ್ತಲ್ಲ.

ಗದ್ದೆ ಇರಲಿ ಇಲ್ಲದಿರಲಿ, ವರ್ಷಕ್ಕೊಂದು ಸಲ ವೈಶಾಖದಲ್ಲಿ ಒಂಬತ್ತು ದಿನ ಕೋಲನ್ನು ನಾಲ್ಕು ಬೆರಳು ಎತ್ತಿ ಇಡಬೇಕು. ನಾಲ್ಕೇ ಬೆರಳು. ಆಚೆ ಕಾಲುವೇಲಿ ಪಾದ ಮುಳುಗುವಷ್ಟು ನೀರು ಹೋಗಬೇಕು. ಆಮೇಲೆ ತಳ ಬಿಸಿಲಿಗೆ ಬಿರಿಯಬೇಕು. ನಮ್ಮತ್ತೆ ಹೇಳೋರು, ಕೆರೆಗೂ ಒಪ್ಪತ್ತು ಬೇಕು ಕಣೇ, ಉಂಡಿದ್ದರ ಮೇಲೆ ಉಂಡರೆ ಹೊಟ್ಟೆ ಕೆಡ್ತದೆ ಅಂತ.

ನಾನು ಊರು ಬಿಟ್ಟಿದ್ದು ೨೦೧೯ರಲ್ಲಿ. ಆಮೇಲೆ ಯಾರೂ ಎತ್ತಿಲ್ಲ ಅಂತ ಇಂದ್ರಮ್ಮ ಹೇಳಿದಳು. ಐದು ವರ್ಷವಾಯಿತು. ಸಂಚಿಕೆ ಆಮೇಲೆ ಆಗಲಿ, ಈ ವೈಶಾಖಕ್ಕೆ ತೂಬು ಎತ್ತಿಸಿ. ಇಲ್ಲದಿದ್ದರೆ ಆ ಕೆರೆ ಇನ್ನೆರಡು ವರ್ಷ ತಾಳಲ್ಲ.

ಲಕೋಟೆ ಹಿಂದೆ ನಿಮ್ಮ ಮನೆ ನಂಬರು ನೋಡಿದೆ. ಆ ಜಾಗ ನನಗೆ ಗೊತ್ತು.

ಮುನಿಲಕ್ಷ್ಮಮ್ಮ

•

ಕೆಂಗೇರಿ ಉಪನಗರ
೨೪ ಮಾರ್ಚ್ ೨೦೨೪

ಮುನಿಲಕ್ಷ್ಮಮ್ಮನವರೇ,

ನಿಮ್ಮ ಬರಹದಲ್ಲಿ ತಿದ್ದಲು ಏನೂ ಸಿಗಲಿಲ್ಲ. ನನಗೆ ಒಂದು ವಾರ ನಿದ್ದೆಯೇ ಬರಲಿಲ್ಲ.

ನಮ್ಮ ಮನೆಯ ಜಾಗ ನಿಮಗೆ ಗೊತ್ತೆಂದು ಓದಿ ಸಂತೋಷವಾಯಿತು. ಹೆಂಡತಿಗೆ ಹೇಳಿದೆ, 'ನೋಡು, ನಮ್ಮ ಮನೆ ಮಾಗಡಿಯವರೆಗೂ ಪ್ರಸಿದ್ಧ.' 'ಸಾಲದವರಿಗೂ ಗೊತ್ತಿರುತ್ತೆ' ಅಂದಳು.

ತೂಬಿನ ವಿಷಯ ಸಭೆಯಲ್ಲಿಟ್ಟೆ. ಈಗ ನಗರದ ಸ್ಥಿತಿ ನಿಮಗೆ ತಿಳಿದಿರಬೇಕು. ಕೊಳವೆಬಾವಿಗಳು ಒಣಗಿವೆ, ನಲ್ಲಿಯಲ್ಲಿ ಗಾಳಿ ಬರುತ್ತಿದೆ. ಇಡೀ ಪಶ್ಚಿಮ ಬೆಂಗಳೂರಿನಲ್ಲಿ ತುಳುಕುತ್ತಿರುವುದು ನಮ್ಮ ಕೆರೆ ಮತ್ತು ನಮ್ಮ ಹೆಮ್ಮೆ, ಎರಡೇ. ಮುರಳೀಕೃಷ್ಣ ಕೂತಲ್ಲಿಂದ ಎದ್ದರು.

'ಏನ್ ಮೇಷ್ಟ್ರೇ, ಊರಿಗೂರೇ ಟ್ಯಾಂಕರ್ ಹಿಂದೆ ಓಡ್ತಿದೆ, ನೀವು ಇರೋ ನೀರ್ನ ಚೆಲ್ಲಿ ಅಂತೀರಲ್ಲ!'

ಹಕ್ಕಿ ನೋಡುವ ಅನಂತಲಕ್ಷ್ಮಿಯವರು ಅಳುವುದೊಂದು ಬಾಕಿ. 'ನನ್ನ ಹಕ್ಕಿಗಳು ಎಲ್ಲಿಗ್ ಹೋಗ್ಬೇಕು? ಹನ್ನೊಂದು ಜಾತಿ ಎಣಿಸಿದೀನಿ, ಗೊತ್ತಾ?'

'ಅಮ್ಮಾ, ನಮ್ಮ ಸಂಘದಲ್ಲಿ ಅದಕ್ಕಿಂತ ಹೆಚ್ಚು ಜಾತಿ ಇವೆ. ಅವು ಎಲ್ಲೂ ಹೋಗ್ತಾ ಇಲ್ವಲ್ಲ' ಅಂದೆ. ಎಲ್ಲರೂ ನಕ್ಕರು. ನಕ್ಕ ಮೇಲೆ ಮುಂದಿನ ವಿಷಯಕ್ಕೆ ಹೋದರು. ಇದೊಂದು ನನ್ನ ದೌರ್ಬಲ್ಯ.

ನಡಾವಳಿಯಲ್ಲಿ 'ಪರಿಶೀಲಿಸಲಾಗುವುದು' ಎಂದು ಬರೆದಿದ್ದೇನೆ. ತೂಬಿನ ಕೋಲಿನ ಬಗ್ಗೆ ಮಾತ್ರ ಚಿಂತೆ ಬೇಡ. ಅದನ್ನು ಅತ್ಯಂತ ಗೌರವದಿಂದ ಕಾಪಾಡಿದ್ದೇವೆ.

ನಿಮ್ಮ,
ಗೋಪೀನಾಥ

•

ಸಿಡ್ಲೇಹಳ್ಳಿ
೪ ಜೂನ್ ೨೦೨೪

ಮೇಷ್ಟ್ರೇ,

ನಾಡಿದ್ದಿಗೆ ವೈಶಾಖ ಮುಗಿಯಿತು. ನೀವು ಬರೆಯಲಿಲ್ಲ, ಅಂದರೆ ಎತ್ತಲಿಲ್ಲ.

ಕೋಲನ್ನು ಗೌರವದಿಂದ ಕಾಪಾಡಿದ್ದೇವೆ ಅಂದಿರಿ. ಕೋಲಿಗೆ ಗೌರವ ಬೇಡ, ಹೊಂಗೆ ಎಣ್ಣೆ ಬೇಕು. ನೀರು ಬಿಟ್ಟರೆ ಬತ್ತಿಹೋಗುತ್ತೆ ಅನ್ನೋ ನಿಮ್ಮ ಜನದ ಭಯ ನನಗೆ ತಿಳಿಯುತ್ತೆ. ನಮ್ಮ ಕಾಲದಲ್ಲೂ ಬರ ಬಂದ ವರ್ಷ ಗೌಡರು ಹೀಗೇ ಅಂದಿದ್ದರು. ನನ್ನ ಗಂಡ ಕೇಳಲಿಲ್ಲ, ಎತ್ತಿದ. ಬೈದರು. ಆಷಾಢದಲ್ಲಿ ಬಂದ ನೀರು ಕುಡಿಯೋ ಹಾಗಿತ್ತು. ಬೈದೋರೇ ಕುಡಿದರು.

ಮಳೆ ಹಿಡಿಯೋದರೊಳಗೆ ಮೂರು ದಿನವಾದರೂ ಎತ್ತಿ.

ಮುನಿಲಕ್ಷ್ಮಮ್ಮ

•

ಕೆಂಗೇರಿ ಉಪನಗರ
೨೭ ಅಕ್ಟೋಬರ್ ೨೦೨೪

ಮುನಿಲಕ್ಷ್ಮಮ್ಮನವರೇ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಮಳೆ ಬಂದ ರಭಸಕ್ಕೆ ಲಕೋಟೆಗಳೂ ಒದ್ದೆ, ನೆಪಗಳೂ ಒದ್ದೆ.

ಕೆರೆ ತುಂಬಿತು! ಮಹಿಳೆಯರೆಲ್ಲ ರೇಷ್ಮೆ ಸೀರೆಯುಟ್ಟು ಬಾಗಿನ ಬಿಟ್ಟರು. ನೀರು ಸುಮ್ಮನೆ ಹರಿದುಹೋಗುವುದನ್ನು ನೋಡಲಾರದೆ ಮುರಳೀಕೃಷ್ಣ ಕೋಡಿಯ ಕಲ್ಲಿನ ಮೇಲೆ ಒಂದಡಿ ಸಿಮೆಂಟು ಕಟ್ಟಿಸಿದರು. ಕೋಡಿ ಏರಿದ್ದೇ ತಡ, ನಮ್ಮವರಿಗೆ ಕೋಡು ಮೂಡಿತು. ಮೇಲಿನ ಬಡಾವಣೆಯ ಚರಂಡಿಯೂ ಮಳೆನೀರಿನ ಜೊತೆ ಸ್ವಲ್ಪ ಸೇರುತ್ತಿದೆ, ನಿಜ. ಅತಿಥಿಗಳಲ್ಲಿ ಆರಿಸಲಾಗುತ್ತದೆಯೇ?

ಸಂಚಿಕೆ ಇದರೊಂದಿಗಿದೆ. ನಿಮ್ಮ ಲೇಖನ ಹದಿನಾಲ್ಕನೆಯ ಪುಟದಲ್ಲಿ. ಸ್ಥಳದ ಅಭಾವದಿಂದ ಒಂಬತ್ತು ದಿನದ ಪ್ಯಾರಾ ಬಿಡಬೇಕಾಯಿತು. ಗಣ್ಯರ ಶುಭಾಶಯಗಳು ಹೇಳಿದ್ದಕ್ಕಿಂತ ಉದ್ದ ಬಂದವು. ನಿಮ್ಮ ಭಾವಚಿತ್ರ ಇರಲಿಲ್ಲವಾದ್ದರಿಂದ ಆ ಜಾಗದಲ್ಲಿ ಕೊಕ್ಕರೆಯ ಚಿತ್ರವಿದೆ. ದಯವಿಟ್ಟು ತಪ್ಪು ತಿಳಿಯಬೇಡಿ.

ಒಮ್ಮೆ ಬನ್ನಿ. ಶಾಲು ಹೊದಿಸುತ್ತೇವೆ, ಕೆರೆಯ ಸುತ್ತ ಕರೆದೊಯ್ಯುತ್ತೇನೆ.

ನಿಮ್ಮ,
ಗೋಪೀನಾಥ

•

ಕೆಂಗೇರಿ ಉಪನಗರ
೯ ಮಾರ್ಚ್ ೨೦೨೫

ಮುನಿಲಕ್ಷ್ಮಮ್ಮನವರೇ,

ನಾಲ್ಕು ತಿಂಗಳಿಂದ ನಿಮ್ಮ ಉತ್ತರವಿಲ್ಲ. ಕೊಕ್ಕರೆಯ ಕೋಪವೇನೋ ಎಂದುಕೊಂಡಿದ್ದೆ. ಈಗ ಕೋಪವಿದ್ದರೂ ಬದಿಗಿಟ್ಟು ಓದಿ.

ಮೊನ್ನೆ ಬೆಳಿಗ್ಗೆ ಏರಿ ಹತ್ತಿದರೆ ನೀರು ಕಾಣಲಿಲ್ಲ. ದಡದುದ್ದಕ್ಕೂ ಮೀನಿನ ಹೊಟ್ಟೆಗಳು, ಬೆಳ್ಳಗೆ, ಒಂದಕ್ಕೊಂದು ಅಂಟಿಕೊಂಡು. ಕೆಲವು ಇನ್ನೂ ಬಾಯಿ ತೆರೆಯುತ್ತಿದ್ದವು. ಟ್ರ್ಯಾಕ್ಟರಿನಲ್ಲಿ ತುಂಬಿ ಸಾಗಿಸಿದರು. ಎಷ್ಟು ಸಲ ಬಂತು ಹೋಯಿತು ಎಂದು ಎಣಿಸುವುದನ್ನು ಬಿಟ್ಟೆ. ಅನಂತಲಕ್ಷ್ಮಿಯವರು ಎರಡು ದಿನದಿಂದ ಹೊರಗೆ ಬಂದಿಲ್ಲ. ವಾಸನೆಗೆ ಬೀದಿಯ ಕಿಟಕಿಗಳೆಲ್ಲ ಮುಚ್ಚಿವೆ. ನೀರು ಪರೀಕ್ಷೆ ಮಾಡಲು ಬಂದವರು ತಳದ ನೀರು ಸತ್ತಿದೆ ಅಂದರು. ಅದನ್ನು ಹೊರಗೆ ಬಿಡಲು ದಾರಿ ಇದೆಯೇ ಎಂದು ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು.

ನಿಮಗೊಂದು ವಿಷಯ ಹೇಳಿರಲಿಲ್ಲ. ನೀವು ಮೊದಲ ಕಾಗದ ಬರೆಯುವ ಮೊದಲೇ ತೂಬಿನ ಕೋಲನ್ನು ನಾವು ಕೊಯ್ಯಿಸಿದ್ದೆವು. ಮಳೆಯಲ್ಲಿ ಕೊಳೆತುಹೋಗುತ್ತದೆ, ಪುರಾತನ ವಸ್ತು, ಉಳಿಸಬೇಕು ಎಂದು ನಾನೇ ಸೂಚಿಸಿದ್ದು. ನೀರಿನ ಮೇಲೆ ಎಷ್ಟಿತ್ತೋ ಅಷ್ಟನ್ನು ಗರಗಸದಿಂದ ತೆಗೆಸಿ, ಪಾಲಿಶ್ ಹಾಕಿಸಿ, ಸಂಘದ ಕೋಣೆಯ ಗೋಡೆಗೆ ನೇತುಹಾಕಿದ್ದೇವೆ. ಕೆಳಗಿನ ಫಲಕದ ಒಕ್ಕಣೆ ನನ್ನದೇ. ಅದರಲ್ಲೊಂದು ಪ್ರಾಸವೂ ಇದೆ.

ಕೋಲಿಲ್ಲದೆ ತೂಬು ಎತ್ತಬಹುದೇ? ಹೇಗೆ? ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಬರೆಯಿರಿ.

ಗೋಪೀನಾಥ

•

ಸಿಡ್ಲೇಹಳ್ಳಿ
೧೬ ಮಾರ್ಚ್ ೨೦೨೫

ಮೇಷ್ಟ್ರೇ,

ಕೋಲು ಕೊಯ್ದಿದ್ದು ನನಗೆ ಗೊತ್ತಿತ್ತು. ಬನ್ನಿ ಅಂದಿರಲ್ಲ, ಬಂದಿದ್ದೆ. ಕಾರ್ತಿಕದಲ್ಲಿ ಇಂದ್ರಮ್ಮನ ಮಗಳ ಮದುವೆ ಕಾಮಾಕ್ಷಿಪಾಳ್ಯದಲ್ಲಿ ಆಯಿತು. ಅದು ಮುಗಿಸಿಕೊಂಡು ಬಸ್ಸು ಹತ್ತಿ ಕೆರೆ ಹತ್ತಿರ ಇಳಿದೆ. ಗೇಟಿನ ಹುಡುಗ ಬಾಯಿ ಆಡಿಸಿದ. ಹತ್ತಿರ ಹೋಗಿ ಕಿವಿ ಕೊಟ್ಟೆ.

'ಪಾಸ್ ತೋರ್ಸಿ ಆಂಟಿ.'

'ಏಳನೇ ಕ್ಲಾಸ್ ಪಾಸು ಕಣಪ್ಪ.'

'ತಮಾಷೆ ಬೇಡ. ಮೆಂಬರ್ಸ್‌ಗೆ ಮಾತ್ರ ಒಳಗೆ.'

'ನಾನು ಈ ಕೆರೆ ನೀರುಗಂಟಿ.'

'ನೀರ್ ಬೇಕಾ? ಆ ಕಡೆ ನಲ್ಲಿ ಐತೆ, ಕುಡ್ಕೊಂಡ್ ಹೋಗಿ.'

ಅವನದೇನು ತಪ್ಪಿಲ್ಲ, ನಲ್ಲಿ ತೋರಿಸಿದ. ಬೇಲಿ ಆಚೆಯಿಂದ ನೋಡಿದೆ. ಎರಡು ಕಂಬದ ನಡುವೆ ಬಯಲು. ನಿಮ್ಮ ಮನೆಗೆ ಬಂದು ಬೈಯೋಣ ಅಂತ ನಿಮ್ಮ ಬೀದಿಗೂ ಬಂದೆ. ಇಪ್ಪತ್ತೇಳನೇ ನಂಬರಿನ ಗೇಟಿನ ಮುಂದೆ ನಿಂತೆ. ವಾಪಸು ಹೋದೆ. ಯಾಕೆ ಅಂತ ಕೊನೆಗೆ ಹೇಳ್ತೀನಿ, ಮೊದಲು ಕೆಲಸ.

ಗೂಟದ ತಲೇಲಿ ಕಬ್ಬಿಣದ ಬಳೆ ಇದೆ. ಕೋಲು ಮುರಿದರೆ ಇರಲಿ ಅಂತ ನಮ್ಮ ಮಾವನ ಕಾಲದಲ್ಲಿ ಹಾಕಿಸಿದ್ದು. ಈಜು ಬಲ್ಲೋನೊಬ್ಬ ಕಂಬ ಹಿಡಿದು ಇಳಿದರೆ ಎರಡಾಳು ಆಳದಲ್ಲಿ ಕೈಗೆ ಸಿಗುತ್ತೆ. ಹಗ್ಗ ಕಟ್ಟಿ ಮೇಲಿನ ಅಡ್ಡಗಲ್ಲಿನ ಮೇಲೆ ಹಾಯಿಸಿ ನಾಲ್ಕು ಜನ ಎಳೀಬೇಕು. ನಾಲ್ಕು ಬೆರಳು ಎದ್ದ ತಕ್ಷಣ ಹಗ್ಗ ಬಿಗಿದು ಕಟ್ಟಿ. ಏರಿ ಅಡಿಯ ಕಲ್ಲುಕಾಲುವೆ ಗಟ್ಟಿಯಾಗಿದೆ, ಅದಕ್ಕೆ ಏನೂ ಆಗಿರಲ್ಲ.

ಇನ್ನು ನೀರು ಆಚೆ ಹೋಗೋ ದಾರಿ. ಏರಿ ಕೆಳಗಿನ ಎರಡು ಎಕರೆ ನೀರುಗಂಟಿ ಕೆಲಸಕ್ಕೆ ಅಂತ ಹಿಂದಿನೋರು ನಮ್ಮ ಮನೆಗೆ ಬಿಟ್ಟ ಜಮೀನು. ಕಾಲುವೆ ಅದರ ನಡುವೆ ಹೋಗ್ತಿತ್ತು. ೨೦೦೮ರಲ್ಲಿ ಸೈಟು ಮಾಡೋರು ಬಂದರು. ಮೈದುನಂದಿರು ಒಪ್ಪಿದರು. ಕಾಲುವೆ ಬಿಟ್ಟು ಉಳಿದಿದ್ದು ತಗೊಳ್ಳಿ ಅಂದೆ, ಹೂಂ ಅಂದರು, ರುಜು ಹಾಕಿದೆ. ಕಾಲುವೆ ಮುಚ್ಚಿದರು. ಆದರೂ ಹತ್ತು ವರ್ಷ ತೂಬು ಎತ್ತಿದೆ, ಸೈಟೆಲ್ಲ ಖಾಲಿ ಇದ್ದವು, ನೀರು ಹುಲ್ಲಿನ ಮೇಲೆ ಹರಿದುಹೋಗ್ತಿತ್ತು. ಆಮೇಲೆ ನಿಮ್ಮ ಬೀದಿ ಎದ್ದಿತು. ೨೦೧೯ರ ವೈಶಾಖದಲ್ಲಿ ಕೋಲಿನ ಮೇಲೆ ಕೈ ಇಟ್ಟೆ, ಕೆಳಗೆ ನೋಡಿದೆ, ಬಾಗಿಲಲ್ಲಿ ರಂಗೋಲಿ ಹಾಕ್ತಿದ್ದರು. ಎತ್ತಲಿಲ್ಲ. ಊರು ಬಿಟ್ಟೆ.

ನೀರು ನಿಮ್ಮ ಬೀದಿಗೇ ಬರುತ್ತೆ ಮೇಷ್ಟ್ರೇ. ಕಾಲುವೆ ತಿರುಗ್ತಿದ್ದ ಜಾಗದಲ್ಲೇ ನಿಮ್ಮ ಗೇಟು ಇದೆ. ಪಾದ ಮುಳುಗುವಷ್ಟು ಬರುತ್ತೆ, ಒಂಬತ್ತು ದಿನ. ನಾರುತ್ತೆ. ಒಂಬತ್ತು ದಿನ ನೀವು ಮೂವತ್ತೆರಡು ಮನೆಯೋರು ತಡ್ಕೊಂಡರೆ ಕೆರೆ ಉಳಿಯುತ್ತೆ. ಬೇರೆ ದಾರಿ ನನಗೆ ಗೊತ್ತಿಲ್ಲ.

ನಿಮ್ಮ ಮೊದಲ ಕಾಗದದ ದಿನವೇ ಇದನ್ನು ಬರೀಬೇಕಿತ್ತು. ಬರೆದರೆ ನೀವು ತೂಬಿನ ಹತ್ತಿರವೂ ಹೋಗಲ್ಲ ಅಂತ ಮುಚ್ಚಿಟ್ಟೆ. ಅದಕ್ಕೇ ನಿಮ್ಮ ಗೇಟಿನಿಂದ ಬೈಯದೆ ವಾಪಸು ಹೋದೆ.

ಮುನಿಲಕ್ಷ್ಮಮ್ಮ

•

ಕೆಂಗೇರಿ ಉಪನಗರ
೨೦ ಏಪ್ರಿಲ್ ೨೦೨೫

ಮುನಿಲಕ್ಷ್ಮಮ್ಮನವರಿಗೆ,

ನಿಮ್ಮ ಕಾಗದ ಬಂದ ಸಂಜೆ ಹೆಂಡತಿಗೆ ಓದಿ ಹೇಳಿದೆ. ಅವಳು ಅಂದಳು: 'ಸಂಪಿನೊಳಕ್ಕೆ ಆ ಹೊಲಸು ನೀರು ಇಳಿದ್ರೆ ಕುಡಿಯೋಕೆ ಏನ್ ಮಾಡ್ತೀರಿ? ನಿಮ್ಮ ಜೋಕಾ?' ಒಂಬತ್ತು ದಿನ ಸಂಪಿನ ಬಾಯಿ ಮುಚ್ಚಿ ಸಿಮೆಂಟು ಮೆತ್ತಬಹುದು ಎಂದೆ. 'ಮೆತ್ತಿ ನೋಡೋಣ' ಅಂದಳು. ಇಷ್ಟರಲ್ಲಿ ಅವಳು ಅರ್ಧ ಒಪ್ಪಿದ ಹಾಗೇ ಆಗಿತ್ತು. ಆದ್ದರಿಂದ ಮುಂದೆ ನಡೆದದ್ದನ್ನು ಅವಳ ಮೇಲೆ ಹಾಕಲಾರೆ.

ಮಾರ್ಚ್ ಇಪ್ಪತ್ತಮೂರಕ್ಕೆ ಸಭೆ ಕರೆದೆ. ಮೂವತ್ತೆಂಟು ಜನ ಬಂದಿದ್ದರು. ನಿಮ್ಮ ಕಾಗದವನ್ನು ಹಗ್ಗ ಕಟ್ಟುವವರೆಗೆ ಓದಿ ಮಡಿಚಿದೆ. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಮುರಳೀಕೃಷ್ಣ ಕೇಳಿದರು, 'ಸರಿ ಮೇಷ್ಟ್ರೇ, ಬಿಟ್ಟ ನೀರು ಎಲ್ಲಿಗೆ ಹೋಗುತ್ತೆ?' ಕಾಗದ ಮತ್ತೆ ಬಿಚ್ಚಬೇಕಾಯಿತು.

ಓದಿ ಮುಗಿಸಿದ ಮೇಲೆ ಒಬ್ಬರ ಕಾರು, ಒಬ್ಬರ ಹೊಸ ಟೈಲ್ಸು, ಒಬ್ಬರ ಮಗಳ ನಿಶ್ಚಿತಾರ್ಥ. ಒಬ್ಬರು 'ಆ ಹೆಂಗಸು ಜಮೀನು ಮಾರಿ ದುಡ್ಡು ತಗೊಂಡು, ಈಗ ನಮಗೆ ನೀರು ಬಿಡ್ತಾಳಂತಾ?' ಎಂದರು. ನಾನು ಅದನ್ನೂ ನಡಾವಳಿಯಲ್ಲಿ ಬರೆದುಕೊಂಡೆ. ಉತ್ತರ ಹೇಳಬೇಕಿತ್ತು.

ಅನಂತಲಕ್ಷ್ಮಿಯವರು ಮಾತ್ರ ಎದ್ದರು. 'ನಮ್ಮನೆ ಮುಂದೇನೇ ಹರೀಲಿ ಬಿಡ್ರೀ. ಒಂಬತ್ತು ದಿನ ತಾನೆ? ಚಪ್ಪಲಿ ಕೈಲಿ ಹಿಡ್ಕೊಂಡ್ ಓಡಾಡ್ತೀನಿ.' ಅವರಿಗೆ ಎಪ್ಪತ್ತೊಂದು ವರ್ಷ.

ಕೈ ಎತ್ತಿಸಿದೆವು. ಎಣಿಸುವ ಕೆಲಸ ಕಾರ್ಯದರ್ಶಿಯದು. ಎತ್ತಬೇಕು ಎಂದವರು ಆರು. ಬೇಡ ಎಂದವರು ಮೂವತ್ತೊಂದು. ಕೂಡಿ ನೋಡಿ, ಒಬ್ಬ ಕಡಿಮೆಯಿದ್ದಾನೆ. ಎಣಿಸುವವನು ಕೈ ಎತ್ತಬೇಕಾಗಿಲ್ಲ ಎಂದು ಆ ಕ್ಷಣದಲ್ಲಿ ನನಗೆ ನಾನೇ ಒಂದು ನಿಯಮ ಮಾಡಿಕೊಂಡೆ. ಬಲಗೈಯಲ್ಲಿ ಪೆನ್ನಿತ್ತು, ಎಡಗೈಯಲ್ಲಿ ನಿಮ್ಮ ಕಾಗದವಿತ್ತು. ಏಳನೆಯ ಕೈ ಎದ್ದಿದ್ದರೂ ಸೋಲುತ್ತಿದ್ದೆವು. ಈ ಲೆಕ್ಕವನ್ನು ಅಂದಿನಿಂದ ದಿನವೂ ಮಾಡುತ್ತಿದ್ದೇನೆ.

ಕೆರೆಯ ಮೇಲುಭಾಗಕ್ಕೆ ಮಣ್ಣು ತುಂಬಿ ಉದ್ಯಾನ ಮಾಡಬೇಕು, ಉಳಿದದ್ದರಲ್ಲಿ ಕಾರಂಜಿ ಇಡಬೇಕು ಎಂದು ಸಂಘದ ಕಡೆಯಿಂದ ಅರ್ಜಿ ಹೋಯಿತು. ಬರೆದವನು ನಾನೇ. ಅದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಹದಿನೈದೇ ದಿನದಲ್ಲಿ ಒಪ್ಪಿಗೆ ಬಂತು. ನಿನ್ನೆಯಿಂದ ಲಾರಿಗಳು ಬರುತ್ತಿವೆ. ಮೊದಲ ಹತ್ತು ಲೋಡು ಕಲ್ಲುಕಂಬಗಳಿರುವ ಕಡೆಗೇ ಸುರಿದರು. ಅಲ್ಲಿ ಹಾದಿ ಹತ್ತಿರ, ತಿರುಗಿಸಲು ಸುಲಭ. ಈಗ ಕಂಬಗಳ ತಲೆ ಮಾತ್ರ ಕಾಣುತ್ತಿದೆ.

ನೀವು ಉತ್ತರ ಬರೆಯಬೇಕೆಂದೇನೂ ಇಲ್ಲ.

ಗೋಪೀನಾಥ

•

ಸಿಡ್ಲೇಹಳ್ಳಿ
೮ ಜೂನ್ ೨೦೨೫

ಮೇಷ್ಟ್ರೇ,

ಎದ್ದು ಓಡಾಡಲಾಗದೆ ಬರೆಯೋದು ತಡವಾಯಿತು. ನೀವು ಕೈ ಎತ್ತದಿದ್ದಕ್ಕೆ ನಾನೇನೂ ಅನ್ನಲ್ಲ. ಆರು ವರ್ಷದ ಕೆಳಗೆ ಅದೇ ಬೀದಿ ನೋಡಿ ಕೈ ತೆಗೆದವಳು ನಾನು. ಅನಂತಲಕ್ಷ್ಮಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಇಲ್ಲೂ ಒಂದು ಕೆರೆ ಇದೆ, ನಿಮಗೆ ಬರೆದಿರಲಿಲ್ಲ. ಚಿಕ್ಕದು. ಇಲ್ಲಿನ ನೀರುಗಂಟಿ ಮನೆಯೋರು ಯಾವಾಗಲೋ ಹೋಗಿಬಿಟ್ಟರು. ತೂಬು ಕಳ್ಳಿಮೆಳೆಯ ಒಳಗೆ ಮುಚ್ಚಿಹೋಗಿತ್ತು. ಬಂದ ವರ್ಷವೇ ಹುಡುಕಿದೆ. ಆವತ್ತಿಂದ ಪ್ರತಿ ವೈಶಾಖ ನಾನೇ ಎತ್ತಿ ಇಳಿಸ್ತಾ ಇದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದನ ಕುಡೀತವೆ, ಹೆಂಗಸರು ಬಟ್ಟೆ ಒಗೀತಾರೆ, ನೀರು ಚೆನ್ನಾಗಿದೆ ಅಂತಾರೆ. ಈ ಸಲ ಎತ್ತಿ, ಇಳಿಸಿ ಮೇಲೆ ಬರುವಾಗ ಮಂಡಿ ಕೈಕೊಟ್ಟಿತು. ಇನ್ನು ನನ್ನಿಂದ ಇಳಿಯೋಕಾಗಲ್ಲ ಅಂತ ಡಾಕ್ಟರು ಹೇಳಿದರು.

ಹೋದ ಭಾನುವಾರ ಬೆಂಗಳೂರಿಂದ ಒಂದು ಗುಂಪು ಬಂತು. ಕೆರೆ ನೋಡಿದರು, ಹಾದಿಗೂ ಬೇಲಿಗೂ ಅಂತ ಅಳತೆ ಹಿಡಿದರು, ಫೋಟೋ ತೆಗೆದರು. ಇಷ್ಟು ಚೊಕ್ಕ ಇದೆಯಲ್ಲ ಅಂತ ಆಶ್ಚರ್ಯಪಟ್ಟರು. ನಾನು ಕೋಲೂರಿಕೊಂಡು ಹೋಗಿ ಏರಿ ಮೇಲೆ ಕೂತಿದ್ದೆ. ಸ್ಪಂದನ ಅನ್ನೋ ಹುಡುಗಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕಿವಿ ಕೇಳಲ್ಲ ಅಂತ ಗೊತ್ತಾದ ಮೇಲೆ ಕಿರುಚಲಿಲ್ಲ. ಹತ್ತಿರ ಬಗ್ಗಿ ನಿಧಾನವಾಗಿ ಹೇಳಿದಳು.

'ಅಜ್ಜಿ, ಹಳೇ ಕೆರೆಗಳಿಗೆ ತೂಬು ಅಂತ ಇರುತ್ತಂತಲ್ಲ. ಈ ಕೆರೇದು ಎಲ್ಲಿದೆ, ತೋರಿಸ್ತೀರಾ? ಊರಲ್ಲಿ ಯಾರಿಗೂ ಗೊತ್ತಿಲ್ಲ ಅಂತಿದಾರೆ. ನಾವು ಕಲಿತ್ಕೋತೀವಿ.'

ಒಳ್ಳೆ ಮಗು ಮೇಷ್ಟ್ರೇ. ಮನಸ್ಸಿನಿಂದ ಕೇಳಿದಳು. ಬರೆದುಕೊಳ್ಳೋಕೆ ಪುಸ್ತಕವನ್ನೂ ತೆಗೆದಿದ್ದಳು. ನಮ್ಮಿಬ್ಬರ ಕಾಲ ಕೆಳಗೆ, ಕಳ್ಳಿಮೆಳೆಯ ಹಿಂದೆ, ಹತ್ತು ಮಾರು ದೂರದಲ್ಲಿತ್ತು. ಬಾಯಿ ತೆರೆದೆ.

ಈ ಕೆರೆಗೆ ತೂಬು ಇಲ್ಲಮ್ಮ ಅಂದೆ.

ಮುನಿಲಕ್ಷ್ಮಮ್ಮ